ಕಪ್ಪೆಂದುಕೊಂಡ ನೂಲು

ಬೀರೂರಿನ ನಮ್ಮ ಮನೆ ಥೇಟು ರೈಲುಬೋಗಿ,
ಕಿಟಕಿ ಇಡಲು ಮರೆತದ್ದು.
ಎಡಗಡೆ ಗಾಣದವರ ಗೋಡೆ, ಬಲಗಡೆ ಬಳೆಯಂಗಡಿಯವರದು,
ಮುಂದೆ ಬೀದಿ, ಹಿಂದೆ ಹಿತ್ತಿಲು,
ನಡುವೆ ಮೂವತ್ತೆರಡು ಅಡಿ ಮಬ್ಬು.
ಮಬ್ಬಿನಲ್ಲೊಂದು ಹೊಲಿಗೆ ಮಿಷನ್ನು,
ಅದರ ಮೇಲೆ ನಲವತ್ತರ ಬಲ್ಬು,
ಬಲ್ಬಿನ ಕೆಳಗೆ ಅಪ್ಪ. ಅಪ್ಪನ ನಂತರ ನಾನು.

ಹಂಚೊಂದು ಒಡೆದಿತ್ತು. ಅಲ್ಲಿಂದ
ದಿನಾ ಹತ್ತೂವರೆಗೆ ಒಂದು ಬಿಸಿಲುಬಿಲ್ಲೆ,
ಎಂಟಾಣೆಯಷ್ಟು ಅಗಲ.
ಸೂಜಿಗೆ ದಾರ ಪೋಣಿಸಲು ಸೋನತ್ತೆ
ಬಿಲ್ಲೆ ಸರಿದಂತೆ ಚಾಪೆ ಸಮೇತ ಸರಿಯುತ್ತಿದ್ದಳು.
ಅದು ಗೋಡೆ ಹತ್ತುವಷ್ಟರಲ್ಲಿ
ಹನ್ನೆರಡು ಸೂಜಿ ಸಿದ್ಧ.
ಮೋಡ ಕವಿದರೆ ಕಾಜಾ ಇಲ್ಲ, ಗುಂಡಿ ಇಲ್ಲ,
"ಸೂರ್ಯನೇ ರಜ ಹಾಕಿದ" ಅಂತ
ಎಲೆಯಡಿಕೆ ಚೀಲ ಬಿಚ್ಚುವಳು.

ಹಿಂದಿನ ಗೋಡೆ ಒಡೆದು ಹಿತ್ತಿಲಿಗೆ ಮನೆ ಎಳೆಯೋಣ,
ಮೇಲೆ ಗಾಜಿನ ಹಂಚು ಹಾಕೋಣ, ಅಂದೆ.
ದುಡ್ಡೆಲ್ಲಿದೆ ಅಂದ ಅಣ್ಣ ಜ್ಞಾನೋಬ.
ಚೀಟಿ ಎತ್ತಿದ್ದೆ, ತೋರಿಸಿದೆ.
ಹಳೇ ಮನೆ, ಮುಟ್ಟಿದರೆ ಕುಸಿದೀತು ಅಂದ.
ಅತ್ತೆ ಹಲ್ಲಿನಿಂದ ದಾರ ಕಡಿದು ಹೇಳಿದಳು:
"ನಿಮ್ಮಜ್ಜ ದರ್ಜಿ ಕಣೋ.
ಮನೆಗೂ ನಾಲ್ಕು ಗಜ ಮಾರ್ಜಿನ್ ಬಿಟ್ಟು ಹೋಗಿದ್ದಾನೆ.
ಬೆಳೆಯೋ ಹುಡುಗಿಯ ಲಂಗದ ಪಟ್ಟಿ ಬಿಚ್ಚಿದಂಗೆ
ಬಿಚ್ಚಿ ಅಷ್ಟೆ."

ತರೀಕೆರೆಯಿಂದ ಇನಾಯತ್ ಮೇಸ್ತ್ರಿ ಬಂದರು.
ಅವರ ಟೇಪು ಹದಿನೊಂದೂಕಾಲು ಅಡಿ ಅಂದರೆ
ಅತ್ತೆಯದು ಹನ್ನೊಂದೇ ಅಂತು.
ನೂರಾರು ಸೊಂಟ ಸುತ್ತಿ
ಹಿಗ್ಗಿಹೋಗಿತ್ತು ಅವಳ ಟೇಪು.

ಮಣ್ಣಗೋಡೆ ಸುಲಭಕ್ಕೆ ಬಗ್ಗಲಿಲ್ಲ.
ಒಂದೊಂದು ಪೆಟ್ಟಿಗೂ ಪಕ್ಕದ ಅಂಗಡಿಯಲ್ಲಿ
ಬಳೆಗಳೆಲ್ಲ ಒಟ್ಟಿಗೇ ಗಲ್ಲೆಂದವು.
ಮೂರನೇ ದಿನ ಹಾರೆಯ ಮೂತಿ ಒಳಗಿಣುಕಿತು.
ಹಾರೆ ಹಿಂದಕ್ಕೆ ಹೋಯಿತು,
ಬೆಳಕು ಹೋಗಲಿಲ್ಲ.

ಯುಗಾದಿ ಕಳೆದ ಸೋಮವಾರ
ಗಾಜಿನ ಹಂಚಿನಡಿ ಮಿಷನ್ನು ಇಟ್ಟುಕೊಂಡೆ.
ಹಿತ್ತಿಲ ನುಗ್ಗೆಯ ನೆರಳು ಬಟ್ಟೆಮೇಲೆ ಬಿದ್ದು
ಗುರುತು ಹಾಕಿದ್ದೇನೋ ಅಂತ ಕತ್ತರಿ ಎತ್ತಿ, ನಕ್ಕೆ.
ಜಂಕ್ಷನ್ನಿನ ಟಿಕೆಟ್ ಕಲೆಕ್ಟರರ ಕೋಟು, ಜೇಬು ಹರಿದದ್ದು,
ಅಪ್ಪ ಹೊಲಿದದ್ದೇ.
ಡಬ್ಬಿಯಿಂದ ಕಪ್ಪು ನೂಲು ತೆಗೆದೆ.

ಕಪ್ಪಲ್ಲ.
ಕಡುನೀಲಿ.
ಕೋಟು ತಿರುಗಿಸಿದೆ: ತೋಳಿಗೆ, ಕಾಲರಿಗೆ, ಬೆನ್ನ ನಡುವೆ
ಶಾಯಿಯ ಹಾಗೆ ಹರಿದಿತ್ತು ನೀಲಿ.
ಒಂದು ಗ್ರೋಸ್ ತಂದಿದ್ದ ಅಪ್ಪ, ಇನ್ನೂ ಮುಗಿದಿಲ್ಲ.
ಅರಸೀಕೆರೆ, ಶಿವಮೊಗ್ಗ, ಹುಬ್ಬಳ್ಳಿವರೆಗೆ
ಎಷ್ಟು ಕೋಟು ಕಳಿಸಿದ್ದೇವೆ ನಾವು!
ಪ್ಲಾಟ್‌ಫಾರಮ್ಮಿನ ಬಿಸಿಲಲ್ಲಿ ನಿಲ್ಲುವವರು ಅವರು.
ನಮಗೆ ಕಾಣದ್ದು ಅವರಿಗೆ ಕಂಡಿರಲೇಬೇಕು.
ಒಬ್ಬರೂ ವಾಪಸು ತರಲಿಲ್ಲ,
ಮುಂದಿನ ಕೋಟಿಗೂ ಇಲ್ಲಿಗೇ ಬಂದರು.

"ಅತ್ತೇ, ಇದು ನೀಲಿ."
"ಗೊತ್ತು ಕಣೇ. ಬಿಲ್ಲೆಯಲ್ಲಿ ಹಿಡಿದು ಪೋಣಿಸಿದವಳಿಗೆ
ಕಾಣದೆ?"
"ಅಪ್ಪನಿಗೆ ಯಾಕೆ ಹೇಳಲಿಲ್ಲ?"
ಅಡಿಕೆ ಕತ್ತರಿಸುತ್ತಿದ್ದ ಕೈ ನಿಂತಿತು.
"ಹೇಳಿದ್ದರೆ ದಾರ ಬದಲಾಯಿಸುತ್ತಿದ್ದ.
ಕಣ್ಣು?"

ಒಡೆದ ಹಂಚು ಬದಲಿಸಲಾ ಅಂತ ಮೇಸ್ತ್ರಿ ಕೇಳಿದ್ದರು.
ಇರಲಿ ಅಂದಿದ್ದಳು ಅತ್ತೆ.
ಈಗಲೂ ಹತ್ತೂವರೆಗೆ ಬಿಲ್ಲೆ ಬೀಳುತ್ತದಂತೆ,
ನನಗೆ ಸಿಗುವುದಿಲ್ಲ, ಸುತ್ತ ಅಷ್ಟೊಂದು ಬೆಳಕು.
ಅವಳು ಮಾತ್ರ ಸರಿಯಾಗಿ ಆ ಜಾಗದಲ್ಲಿ
ಅಂಗೈ ಚಾಚುತ್ತಾಳೆ, ಬಿಸಿ ನೋಡುತ್ತಾಳೆ.

ಜೇಬನ್ನು ನೀಲಿಯಲ್ಲೇ ಹೊಲಿದೆ.
ಗುರುವಾರ ಕೋಟು ಒಯ್ಯಲು ಬಂದವರು
ಮೇಲೆ ನೋಡಿದರು, ಹಂಚೆಣಿಸಿದರು,
ಆಮೇಲೆ ಜೇಬು ಹೊರಳಿಸಿ, ಹೆಬ್ಬೆರಳಲ್ಲಿ ಹೊಲಿಗೆ ಸವರಿ,
"ಅದೇ ದಾರ ತಾನೆ?" ಅಂದರು.